ಹಳಿ ಮುಟ್ಟದ ಸೀಮೆ: ಯಾದಗಿರಿ, ಶಹಾಪುರ, ಸುರಪುರದ ಲಾರಿ ಮಾಲಕರು ಮತ್ತು ಅವರ ಮುಪ್ಪು

ಯಾದಗಿರಿ ಸೀಮೆಯ ಸರಕು ಸಾಗಣೆಯ ಚರಿತ್ರೆಯನ್ನು ತಿಳಿಯಬೇಕಾದರೆ ರೈಲುಹಳಿ ಯಾವ ಊರನ್ನು ಮುಟ್ಟಿತು, ಯಾವ ಊರನ್ನು ಮುಟ್ಟದೆ ಹೋಯಿತು ಎಂಬಲ್ಲಿಂದ ಆರಂಭಿಸುವುದು ಯುಕ್ತ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮಾರ್ಗವು ಸೊಲ್ಲಾಪುರ, ಕಲಬುರಗಿ, ವಾಡಿ, ಯಾದಗಿರಿಗಳ ಮೇಲೆ ಹಾದು 1871ರಲ್ಲಿ ರಾಯಚೂರನ್ನು ತಲುಪಿ ಅಲ್ಲಿ ಮದ್ರಾಸ್ ರೈಲ್ವೆಯೊಡನೆ ಕೂಡಿಕೊಂಡಾಗ, ಯಾದಗಿರಿಯ ಹತ್ತಿಗೂ ಧಾನ್ಯಕ್ಕೂ ಮುಂಬಯಿ ಮತ್ತು ಮದ್ರಾಸಿನ ದಾರಿ ಒಟ್ಟಿಗೇ ತೆರೆಯಿತು. ಆದರೆ ಭೀಮಾ ನದಿಯ ಆಚೆ ದಡದ ಶಹಾಪುರವೂ ಅದಕ್ಕಿಂತ ದೂರದ ಸುರಪುರವೂ ಹಳಿಯಿಂದ ಹೊರಗೇ ಉಳಿದವು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಅಡಗಿ, 1860ರಲ್ಲಿ ಸುರಪುರವು ನಿಜಾಮರ ಆಡಳಿತಕ್ಕೆ ಸೇರಿದ್ದರಿಂದ, ಹಳಿ ಹಾಕುವ ಹೊತ್ತಿಗೆ ಆ ಊರಿನ ಪರವಾಗಿ ಮಾತನಾಡಬಲ್ಲ ಸಂಸ್ಥಾನವೇ ಇರಲಿಲ್ಲ. ಹೊಲಕ್ಕೂ ರೈಲಿಗೂ ನಡುವೆ ಹೀಗೆ ಉಳಿದ ಮೂವತ್ತು, ಐವತ್ತು ಕಿಲೋಮೀಟರುಗಳ ತೆರವನ್ನು ತುಂಬಿದವರು ಮೊದಲು ಹೇರೆತ್ತಿನವರು, ಆಮೇಲೆ ಚಕ್ಕಡಿಯವರು, ಕೊನೆಗೆ ಲಾರಿಯವರು. ಇಂದು ಎಪ್ಪತ್ತರ ಆಸುಪಾಸಿನಲ್ಲಿರುವ ಲಾರಿ ಮಾಲಕರ ಬದುಕು ಮತ್ತು ಮುಪ್ಪು ಈ ಸರಣಿಯ ಕೊನೆಯ ಕೊಂಡಿಯಾಗಿದ್ದು, ಹಿಂದಿನ ಎರಡು ಕೊಂಡಿಗಳೊಡನೆ ಇಟ್ಟು ನೋಡದ ಹೊರತು ಅದು ಅರ್ಥವಾಗುವುದಿಲ್ಲ.

ಹೇರೆತ್ತು ಎಂದರೆ ಗಾಡಿಗೆ ಹೂಡದೆ, ಬೆನ್ನಿನ ಎರಡೂ ಪಕ್ಕಕ್ಕೆ ಜೋತುಬೀಳುವ ಗೋಣಿಗಳಲ್ಲಿ ಹೊರೆ ಹೇರಿ ನಡೆಸುವ ಎತ್ತು. ಕರಾವಳಿಯ ಉಪ್ಪನ್ನು ಒಳನಾಡಿಗೂ ಒಳನಾಡಿನ ಧಾನ್ಯವನ್ನು ದಂಡು ಬಿಟ್ಟ ಕಡೆಗೂ ಸಾಗಿಸುತ್ತಿದ್ದ ಲಂಬಾಣಿಗರು, ಅಂದರೆ ಬಂಜಾರರು, ದಖ್ಖನಿನ ಈ ಸಾಗಣೆಯ ಒಡೆಯರಾಗಿದ್ದರು. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆಯೂ ಧಾನ್ಯಕ್ಕಾಗಿ ಅವರನ್ನೇ ನೆಚ್ಚಿತ್ತು. ಯಾದಗಿರಿ ಜಿಲ್ಲೆಯ ಉದ್ದಗಲಕ್ಕೂ ಕಾಣುವ ತಾಂಡಾಗಳು, ರೈಲು ಮತ್ತು ಹೊಸ ರಸ್ತೆಗಳು ಆ ಕಸುಬನ್ನು ಕಸಿದುಕೊಂಡ ಮೇಲೆ ನೆಲೆ ನಿಂತ ಜನರ ವಸತಿಗಳೆಂಬುದನ್ನು ನೆನಪಿಡಬೇಕು. ತಾಂಡಾದ ಸಾಗಣೆಯಲ್ಲಿ ಒಬ್ಬನು ಮುದುಕನಾದರೆ ಅವನ ಪಾಲಿನ ನಡಿಗೆಯನ್ನು ಉಳಿದವರು ನಡೆಯುತ್ತಿದ್ದರು. ಹಾದಿ, ನೀರಿನ ತಾವು, ಸಂತೆಯ ದಿನ ಇವುಗಳ ತಿಳಿವಳಿಕೆ ಹಿರಿಯರಲ್ಲೇ ಇದ್ದುದರಿಂದ ಮುಪ್ಪು ಅಲ್ಲಿ ಕೆಲಸದಿಂದ ಹೊರಗುಳಿಯುವುದಾಗಿರಲಿಲ್ಲ, ಬೇರೊಂದು ಕೆಲಸವಾಗಿತ್ತು.

ಇದರ ನಂತರದ್ದು ಚಕ್ಕಡಿಯ ಕಾಲ, ಮತ್ತು ಈ ಸೀಮೆಯ ಊರುಗಳ ಚಹರೆಯನ್ನು ರೂಪಿಸಿದ್ದೂ ಅದೇ. ಶಹಾಪುರ, ಸುರಪುರ ಕಡೆಯ ಎರೆಭೂಮಿಯಲ್ಲಿ ಬೆಳೆದ ಹತ್ತಿ, ಜೋಳ, ಶೇಂಗಾ, ತೊಗರಿ ಇವೆಲ್ಲ ಚಕ್ಕಡಿಯ ಮೇಲೆಯೇ ಯಾದಗಿರಿಯ ಗಂಜ್ ತಲುಪಬೇಕಾಗಿತ್ತು. ಗಂಜ್ ಎಂದರೆ ಹೈದರಾಬಾದ್ ಸಂಸ್ಥಾನದ ಊರುಗಳಲ್ಲಿ ಧಾನ್ಯದ ಸಗಟು ಪೇಟೆಗೆ ಇದ್ದ, ಇಂದಿಗೂ ಬಳಕೆಯಲ್ಲಿರುವ ಹೆಸರು. ಅಲ್ಲಿ ರೈತನ ಮಾಲನ್ನು ಹರಾಜಿಗಿಟ್ಟು ಕಮಿಷನ್ ಪಡೆಯುವವನು ಅಡತಿ, ಚೀಲ ಹೊರುವವನು ಹಮಾಲ. ಧಾನ್ಯವನ್ನು ಪಲ್ಲದ ಲೆಕ್ಕದಲ್ಲಿ ಅಳೆಯುತ್ತಿದ್ದರು. ಒಂದು ಪಲ್ಲವೆಂದರೆ 120 ಸೇರು. ಹಣವೂ ಎರಡು ಬಗೆಯದಾಗಿದ್ದು, ನಿಜಾಮರ ಟಂಕಸಾಲೆಯದು ಹಾಲಿ ಸಿಕ್ಕಾ, ಬ್ರಿಟಿಷರದು ಕಲ್ದಾರ. ಮಳೆಗಾಲದಲ್ಲಿ ಎರೆಮಣ್ಣು ಅಂಟಾಗಿ ಗಾಲಿಯನ್ನು ಹಿಡಿದುಬಿಡುವುದರಿಂದಲೂ ಭೀಮೆ ತುಂಬಿ ಹರಿಯುವುದರಿಂದಲೂ ಬಾಡಿಗೆ ಚಕ್ಕಡಿಯ ದುಡಿಮೆಯೆಲ್ಲ ಸುಗ್ಗಿಯಿಂದ ಬೇಸಿಗೆಯವರೆಗಿನ ತಿಂಗಳುಗಳಿಗೆ ಸೀಮಿತವಾಗಿತ್ತು. ಉಳಿದ ತಿಂಗಳು ಅದೇ ಎತ್ತು ಹೊಲದಲ್ಲಿ ದುಡಿಯುತ್ತಿತ್ತು. ಇದು ಸಣ್ಣ ಸಂಗತಿಯಲ್ಲ. ಬಾಡಿಗೆ ಹೊಡೆಯುವವನು ಒಕ್ಕಲಿಗನೂ ಆಗಿದ್ದುದರಿಂದ, ಅವನ ಮೈಯಲ್ಲಿ ಕಸುವು ಕುಗ್ಗಿದಾಗ ಬಾರುಕೋಲು ಮಗನ ಕೈಗೆ ಹೋಗುತ್ತಿತ್ತು, ಹೊಲ ಮನೆಯಲ್ಲೇ ಉಳಿಯುತ್ತಿತ್ತು. ಸಾಲ ಮಾಡಿ ಕೊಂಡ ಯಂತ್ರವೊಂದರ ಮೇಲೆ ಅವನ ಮುಪ್ಪು ನಿಂತಿರಲಿಲ್ಲ.

ಮೋಟಾರು ಈ ಕಡೆಗೆ ಬಂದದ್ದು ಪ್ರಯಾಣಿಕರ ಬಸ್ಸಿನ ರೂಪದಲ್ಲಿ. 1932ರ ಜೂನ್‌ನಲ್ಲಿ ನಿಜಾಮ್ ಸರ್ಕಾರವು ತನ್ನ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆಯನ್ನು 27 ಬಸ್ಸುಗಳು ಮತ್ತು 166 ನೌಕರರೊಡನೆ ಆರಂಭಿಸಿತು. ಜನರನ್ನು ಒಯ್ಯುವುದು ಸರ್ಕಾರದ ಕೆಲಸ, ಸರಕನ್ನು ಒಯ್ಯುವುದು ಖಾಸಗಿಯವರ ಕೆಲಸ ಎಂಬ ವಿಭಜನೆಗೆ ಬುನಾದಿ ಬಿದ್ದದ್ದು ಅಂದೇ, ಮತ್ತು 1948ರ ಸೆಪ್ಟೆಂಬರ್ 17ರ ವಿಮೋಚನೆ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರ್ಪಡೆ ಇವೆರಡೂ ಅದನ್ನು ಬದಲಿಸಲಿಲ್ಲ. ಒಂದೇ ರಸ್ತೆಯ ಮೇಲೆ ಎರಡು ಬಗೆಯ ಮುಪ್ಪು ಹುಟ್ಟಿದ್ದು ಇದರಿಂದಲೇ: ಬಸ್ಸಿನ ಚಾಲಕನಿಗೆ ನಿವೃತ್ತಿಯ ವಯಸ್ಸು, ಭವಿಷ್ಯ ನಿಧಿ, ಗ್ರಾಚ್ಯುಟಿ, ಲಾರಿಯ ಚಾಲಕ ಮತ್ತು ಮಾಲಕನಿಗೆ ಇವು ಯಾವುವೂ ಇಲ್ಲ.

1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಮರ್ಸಿಡಿಸ್ ಬೆಂಜ್ ಸಹಯೋಗದಲ್ಲಿ ಜಮಶೇದ್‌ಪುರದಿಂದ ಟ್ರಕ್ ಹೊರತಂದದ್ದು, 1955ರಿಂದ ಅಶೋಕ್ ಲೇಲ್ಯಾಂಡ್ ಆ ಹೆಸರಿನಲ್ಲಿ ವಾಹನ ತಯಾರಿಸಿದ್ದು ದೇಶದ ಚರಿತ್ರೆ; ಈ ಸೀಮೆಯ ಚರಿತ್ರೆಯಲ್ಲಿ ಅದಕ್ಕಿಂತ ಮುಖ್ಯವಾದವು ಎರಡು ಘಟನೆಗಳು. ಮೊದಲನೆಯದು 1969ರ ಬ್ಯಾಂಕ್ ರಾಷ್ಟ್ರೀಕರಣ. ಅದರಿಂದಾಗಿ ಸಾವಕಾರರಲ್ಲದವರಿಗೂ ವಾಹನ ಸಾಲ ಎಟುಕುವಂತಾಯಿತು, ಒಬ್ಬ ಡ್ರೈವರ್ ಮಾಲಕನಾಗುವ ದಾರಿ ತೆರೆಯಿತು. ಎರಡನೆಯದು ಕೃಷ್ಣಾ ಮೇಲ್ದಂಡೆ ಯೋಜನೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಈ ಯೋಜನೆಯಡಿ ಆಗಿನ ಸುರಪುರ ತಾಲೂಕಿನ ನಾರಾಯಣಪುರದಲ್ಲಿ ಬಸವ ಸಾಗರ ಜಲಾಶಯ 1982ರ ಹೊತ್ತಿಗೆ ಸಿದ್ಧವಾಯಿತು, ಶಹಾಪುರದ ಬಳಿ ಭೀಮರಾಯನಗುಡಿಯಲ್ಲಿ ಯೋಜನೆಯ ವಸತಿ ಪಟ್ಟಣ ಎದ್ದಿತು. ಕಾಲುವೆಗೆ ಬೇಕಾದ ಕಲ್ಲು, ಮರಳು, ಉಕ್ಕು, ಸಿಮೆಂಟು ಎಲ್ಲವೂ ಲಾರಿಯ ಮೇಲೆ ಬರಬೇಕಾಗಿತ್ತು. ಹತ್ತಿರದ ವಾಡಿಯಲ್ಲಿ 1968ರಿಂದ ಸಿಮೆಂಟು ಕಾರ್ಖಾನೆ ನಡೆಯುತ್ತಿತ್ತು. ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು, ಮತ್ತು ಆ ಭತ್ತವನ್ನು ಗಿರಣಿಗಳಿಗೆ ಮುಟ್ಟಿಸುವ ಕೆಲಸವೂ ಲಾರಿಗೇ ಬಂತು. ಇಂದಿನ ಹಿರಿಯ ಮಾಲಕರಲ್ಲಿ ಹೆಚ್ಚಿನವರು ಆಗ ಇಪ್ಪತ್ತರ ಹರೆಯದಲ್ಲಿ ಕ್ಲೀನರಾಗಿ ಗಾಡಿ ಹತ್ತಿ, ಉಸ್ತಾದರ, ಅಂದರೆ ಹಿರಿಯ ಡ್ರೈವರರ, ಕೈಕೆಳಗೆ ಸ್ಟೇರಿಂಗ್ ಕಲಿತು, ಮೊದಲು ಹಳೆಯದೊಂದು ಗಾಡಿಯನ್ನು ಕಂತಿನ ಮೇಲೆ ಕೊಂಡ ಪೀಳಿಗೆಯವರು.

ಆ ಕಾಲದ ಗಾಡಿ ಟಾಟಾ 1210. ಮೊದಲ ಎರಡು ಅಂಕಿ ಹೊರೆಯೊಡನೆ ಗಾಡಿಯ ಒಟ್ಟು ತೂಕವನ್ನು ಟನ್ನುಗಳಲ್ಲಿ, ಕೊನೆಯ ಎರಡು ಎಂಜಿನ್ನಿನ ಬಲವನ್ನು ಹತ್ತರ ಲೆಕ್ಕದ ಅಶ್ವಶಕ್ತಿಯಲ್ಲಿ ಸೂಚಿಸುತ್ತವೆ; ಅಂದರೆ ಸುಮಾರು 12 ಟನ್, ಸುಮಾರು 100 ಅಶ್ವಶಕ್ತಿ. ಅದರ ಮೇಲೆ ಹತ್ತಿ ಹೇರುವುದು ಒಂದು ಕುಶಲ ವಿದ್ಯೆಯೇ ಆಗಿತ್ತು. ಹತ್ತಿ ತುಂಬಿದ ದೊಡ್ಡ ಚೀಲವಾದ ಅಂಡಿಗೆಗಳನ್ನು ಬಾಡಿಯ ಅಂಚಿಗಿಂತ ಹೊರಕ್ಕೆ ಚಾಚುವಂತೆ ಒಂದರ ಮೇಲೊಂದು ಒಟ್ಟಿ, ತಾಡಪತ್ರಿ ಹೊದಿಸಿ, ಇಬ್ಬರು ಎರಡು ಕಡೆ ನಿಂತು ಹಗ್ಗವನ್ನು ಕಾಲಿನಿಂದ ಒದ್ದು ಬಿಗಿದು ಗಂಟು ಹಾಕಬೇಕಾಗಿತ್ತು. ಒಂದು ಕಡೆ ಸಡಿಲವಾದರೂ ತಿರುವಿನಲ್ಲಿ ಹೊರೆ ವಾಲಿ ಗಾಡಿಯನ್ನೇ ಕೆಡವುತ್ತಿತ್ತು. ಹೊರಡುವ ಮುನ್ನ ಜಾಕಿಯ ರಾಡಿನಿಂದ ಆರೂ ಟೈರುಗಳನ್ನು ಬಡಿದು, ಗಾಳಿ ಸರಿಯಿದೆಯೋ ಇಲ್ಲವೋ ಎಂಬುದನ್ನು ಸದ್ದಿನಿಂದಲೇ ಅರಿಯುತ್ತಿದ್ದರು. ಕ್ಯಾಬಿನ್ನಿನೊಳಗೇ ಇದ್ದ ಎಂಜಿನ್ನಿನ ಕಾವು ಮತ್ತು ಸದ್ದು, ಇಡೀ ಮೈಯ ಬಲ ಬೇಡುತ್ತಿದ್ದ ಸ್ಟೇರಿಂಗ್, ರಾತ್ರಿಯ ಎದುರು ಬೆಳಕು ಇವು ಆ ಪೀಳಿಗೆಯ ಕಿವಿ, ಸೊಂಟ, ಕಣ್ಣುಗಳ ಮೇಲೆ ಗುರುತು ಉಳಿಸಿ ಹೋಗಿವೆ. ಟೈರಿನ ಸದ್ದಿನಿಂದ ಗಾಳಿಯ ಕೊರತೆಯನ್ನು ಗುರುತಿಸುತ್ತಿದ್ದ ಕಿವಿಗೆ ಇಂದು ಎದುರು ಕೂತವರ ಮಾತು ಸರಿಯಾಗಿ ಕೇಳಿಸುವುದಿಲ್ಲ ಎಂಬುದು ಈ ಕಸುಬಿನ ಅತ್ಯಂತ ನೋವಿನ ಸಂಗತಿಗಳಲ್ಲೊಂದು.

ಕಾನೂನು ಈ ಕಸುಬಿನಲ್ಲಿ ಯಂತ್ರದ ವಯಸ್ಸನ್ನು ಎಣಿಸಿದೆ, ಮನುಷ್ಯನ ವಯಸ್ಸನ್ನು ಎಣಿಸಿಲ್ಲ ಎಂಬುದೇ ಇಲ್ಲಿನ ಮುಖ್ಯ ಮಾತು. ರಾಜ್ಯದ ಗಡಿ ದಾಟಿ ದೇಶದಲ್ಲೆಲ್ಲ ಸರಕು ಒಯ್ಯಲು ಅನುಮತಿ ಕೊಡುವ ರಾಷ್ಟ್ರೀಯ ಪರ್ಮಿಟ್ 1975ರಲ್ಲಿ ಬಂತು. 1988ರ ಮೋಟಾರು ವಾಹನ ಕಾಯ್ದೆಯಡಿ ರಚಿತವಾದ ಕೇಂದ್ರ ನಿಯಮಗಳ ಪ್ರಕಾರ 12 ವರ್ಷ ದಾಟಿದ ಎರಡು ಆಕ್ಸೆಲ್ಲಿನ ಲಾರಿಗೆ, 15 ವರ್ಷ ದಾಟಿದ ಬಹು ಆಕ್ಸೆಲ್ ಲಾರಿಗೆ ಆ ಪರ್ಮಿಟ್ ಸಿಗುವುದಿಲ್ಲ. ಹಾಗಾಗಿ ಮುಂಬಯಿ, ಹೈದರಾಬಾದ್ ಕಡೆ ಓಡುತ್ತಿದ್ದ ಗಾಡಿ ವಯಸ್ಸಾದಂತೆ ಜಿಲ್ಲೆಯೊಳಗಿನ ಖೇಪುಗಳಿಗೆ ಇಳಿಯುತ್ತದೆ, ಅಲ್ಲಿಂದ ಕಲ್ಲು, ಮರಳು, ಇಟ್ಟಿಗೆಗೆ ಇಳಿಯುತ್ತದೆ, ಕೊನೆಗೆ ಗುಜರಿ ಸೇರುತ್ತದೆ. ಖೇಪು ಎಂದರೆ ಹೇರುವಲ್ಲಿಂದ ಇಳಿಸುವಲ್ಲಿಯವರೆಗಿನ ಒಂದು ಪಯಣ. ವಾಹನಕ್ಕೆ ಎಫ್‌ಸಿ, ಅಂದರೆ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಕಾಲಕಾಲಕ್ಕೆ ಬೇಕೇಬೇಕು; ಚಾಲಕನಿಗೂ ಲೈಸೆನ್ಸ್ ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಆದರೆ ವೈದ್ಯರು ಆಗದೆಂದ ದಿನ ಅವನ ಊಟಕ್ಕೆ ದಾರಿಯೇನು ಎಂಬ ಪ್ರಶ್ನೆಗೆ ಆ ಕಾಯ್ದೆಯಲ್ಲಿ ಉತ್ತರವಿಲ್ಲ. ಕೆಲಸದ ಅವಧಿಯನ್ನು ದಿನಕ್ಕೆ ಎಂಟು ಗಂಟೆಗೆ ಕಟ್ಟಿಹಾಕಿದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಐವರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುವಂಥದ್ದಾಗಿತ್ತು. ಒಂದು ಗಾಡಿ, ಒಬ್ಬ ಕ್ಲೀನರ್ ಇಟ್ಟುಕೊಂಡು ತಾನೇ ಓಡಿಸುವ ಮಾಲಕ ಅದರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮಾಲಕನೆಂಬ ಹೆಸರಿನಿಂದ ಅವನು ಕಾರ್ಮಿಕರ ರಕ್ಷಣೆಯಿಂದ ಹೊರಗುಳಿದ. ಕಂತಿನ ಸಾಲದಿಂದಾಗಿ ನಿಜವಾದ ಮಾಲಕನೂ ಆಗಲಿಲ್ಲ.

ಮುಂದಿನ ಯೋಜನೆಗಳೂ ಈ ಪೀಳಿಗೆಗೆ ತಡವಾಗಿಯೇ ಬಂದವು. 2015ರ ಅಟಲ್ ಪಿಂಚಣಿ ಯೋಜನೆಗೂ 2019ರ ಶ್ರಮಯೋಗಿ ಮಾನಧನ ಯೋಜನೆಗೂ ಸೇರುವ ವಯಸ್ಸು 18ರಿಂದ 40. ಎಪ್ಪತ್ತರ ದಶಕದಲ್ಲಿ ಸ್ಟೇರಿಂಗ್ ಹಿಡಿದವರು ಆಗಾಗಲೇ ಐವತ್ತು ದಾಟಿದ್ದರು. ಕರ್ನಾಟಕ ಸರ್ಕಾರ 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಪ್ರತ್ಯೇಕ ಅಧಿನಿಯಮ ತಂದಿರುವುದು ಸ್ವಾಗತಾರ್ಹ; ಆದರೆ ಮೂರು, ನಾಲ್ಕು ದಶಕ ರಸ್ತೆ ತೆರಿಗೆ ತೆತ್ತು ಈಗ ಗಾಡಿ ಬಿಟ್ಟಿರುವವರನ್ನೂ ಒಳಗೊಳ್ಳದ ಹೊರತು ಇಂಥ ಯಾವ ವ್ಯವಸ್ಥೆಯೂ ಈ ಸೀಮೆಯ ಮಟ್ಟಿಗೆ ಅರ್ಧ ನ್ಯಾಯವೇ ಸರಿ.

ಗಾಡಿ ಬಿಟ್ಟವರು ಗಂಜಿನ ಸುತ್ತಲಿನ ಚಹಾದ ಅಂಗಡಿಗಳಲ್ಲಿ, ಗ್ಯಾರೇಜುಗಳ ಮುಂದಿನ ಹಲಗೆಗಳ ಮೇಲೆ ಬೆಳಗಿನ ಹೊತ್ತು ಕೂಡುತ್ತಾರೆ. ಎಳೆಯ ಡ್ರೈವರರು ಅವರನ್ನು ಕಾಕಾ ಎಂದು ಕರೆಯುತ್ತಾರೆ. ಆ ಮಾತುಕತೆಯನ್ನು ಹೊತ್ತು ಕಳೆಯುವ ಹರಟೆಯೆಂದು ತಳ್ಳಿಹಾಕುವುದು ತಪ್ಪು. ಡೀಸೆಲ್ಲಿನ ಹಳೆಯ ದರ, ಭೀಮೆ ಉಕ್ಕಿ ಗಾಡಿಗಳು ಸಾಲುಗಟ್ಟಿ ನಿಂತ ದಿನಗಳು, ತಿಂಥಣಿಯ ಸೇತುವೆ ದಾಟುವಾಗ ಕೃಷ್ಣೆಗೆ ನಾಣ್ಯ ಎಸೆದು ಮೌನೇಶ್ವರನಿಗೆ ಕೈಮುಗಿಯುವ ರೂಢಿ, ಒಂದೇ ಕ್ಯಾಬಿನ್ನಿನಲ್ಲಿ ಕಲಬುರಗಿಯ ಶರಣಬಸವೇಶ್ವರ ಮತ್ತು ಖಾಜಾ ಬಂದೇನವಾಜರ ಪಟಗಳು ಕೂಡಿಯೇ ಇರುತ್ತಿದ್ದ ಬಗೆ, ಆಯುಧ ಪೂಜೆಯ ದಿನ ಗಾಲಿಯ ಕೆಳಗೆ ಇಟ್ಟ ನಿಂಬೆಹಣ್ಣು ಇವೆಲ್ಲ ಅಲ್ಲಿ ಬರುತ್ತವೆ. ಬದಲಾದ ಕಾಲದ ಲೆಕ್ಕವೂ ಬರುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ, 2018ರ ಏಪ್ರಿಲ್ 1ರಂದು ಇ-ವೇ ಬಿಲ್, 2021ರಲ್ಲಿ ಕಡ್ಡಾಯ ಫಾಸ್ಟ್ಯಾಗ್ ಬಂದ ಮೇಲೆ ಸರಕಿನ ಚೀಟಿಯಾದ ಬಿಲ್ಟಿಯನ್ನು ಕಿಸೆಯಲ್ಲಿಟ್ಟುಕೊಂಡು ನಾಕಾಗಳಲ್ಲಿ ಮಾತಾಡಿ ಗಾಡಿ ದಾಟಿಸುತ್ತಿದ್ದ ಜಾಣ್ಮೆಗೆ ಬೆಲೆಯಿಲ್ಲವಾಯಿತು. ಮೊಬೈಲಿನಲ್ಲಿ ಲೋಡು ಹುಡುಕುವ, ಹನ್ನೆರಡು, ಹದಿನಾಲ್ಕು ಚಕ್ರದ ಗಾಡಿಗಳನ್ನು ಕೊಳ್ಳಬಲ್ಲ ದೊಡ್ಡ ಮಾಲಕರು ಮುಂದೆ ಬಂದರು. ಮಕ್ಕಳಲ್ಲಿ ಅನೇಕರು ಈ ಕಸುಬಿಗೆ ಬರಲೊಲ್ಲರು, ಬರುವುದು ಬೇಡವೆಂದು ತಂದೆಯರೇ ಹೇಳುವುದೂ ಉಂಟು. ಚಕ್ಕಡಿಯ ಬಾರುಕೋಲಿನಂತೆ ಸ್ಟೇರಿಂಗ್ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಲಿಲ್ಲ.

ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ ಒಂದೂವರೆ ದಶಕ ಕಳೆದಿದೆ, ಕೋಟೆ, ಶಾಸನ, ಸುರಪುರದ ನಾಯಕರ ಬಗ್ಗೆ ಒಳ್ಳೆಯ ಬರವಣಿಗೆ ಆಗಿದೆ; ಈ ನೆಲದ ಬೆಳೆಯನ್ನು ಹೊರಗಿನ ಜಗತ್ತಿಗೆ ಮುಟ್ಟಿಸಿದವರ ಬಗ್ಗೆ ಅಂಥ ಕೆಲಸ ಆಗಬೇಕಾಗಿದೆ. ಅದಕ್ಕೆ ಬೇಕಾದ ಆಕರಗಳು ಅರಮನೆಯಲ್ಲಾಗಲಿ ಪತ್ರಾಗಾರದಲ್ಲಾಗಲಿ ಇಲ್ಲ. ಖೇಪಿನ ಲೆಕ್ಕ ಬರೆದ ವಹಿಗಳು, ಹಳೆಯ ಬಿಲ್ಟಿಗಳು, ಪರ್ಮಿಟ್ ಪುಸ್ತಕಗಳು, ಕಂತಿನ ರಸೀದಿಗಳು ಮನೆಮನೆಯ ಟ್ರಂಕುಗಳಲ್ಲಿವೆ, ಉಳಿದುದು ಎಪ್ಪತ್ತು ದಾಟಿದವರ ನೆನಪಿನಲ್ಲಿದೆ. ಶಹಾಪುರ, ಸುರಪುರ, ಯಾದಗಿರಿಯ ಕಾಲೇಜುಗಳ ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಆ ಕಾಗದಗಳು ರದ್ದಿಗೆ ಹೋಗುವ ಮುನ್ನ, ಆ ಹಿರಿಯರ ದನಿ ನಿಲ್ಲುವ ಮುನ್ನ, ಗಂಜಿನ ಚಹಾದ ಅಂಗಡಿಗಳಿಗೆ ಹೋಗಿ ಕೂತು ಬರೆದುಕೊಳ್ಳಬೇಕು.