ಹಿಮನದಿಗೆ ಹೊತ್ತ ಹರಕೆ

ಮಳೆ ಬರಲೆಂದು ಹರಕೆ ಹೊರುವವರನ್ನು ನೀವು ಕಂಡಿದ್ದೀರಿ. ಹಿಮ ಬೆಳೆಯದಿರಲಿ ಎಂದು ಹರಕೆ ಹೊತ್ತವರ ಕಥೆ ಕೇಳಿದ್ದೀರಾ?

ಸ್ವಿಟ್ಜರ್ಲೆಂಡಿನ ವಲೈ ಪ್ರಾಂತ್ಯದಲ್ಲಿ ಫೀಶ್ ಎಂಬ ಹಳ್ಳಿಯಿದೆ. ಅದರ ಬೆಟ್ಟದಾಚೆಗೆ ಆಲ್ಪ್ಸ್ ಪರ್ವತಗಳಲ್ಲೇ ಅತಿ ಉದ್ದವಾದ ಅಲೆಚ್ ಹಿಮನದಿ. ಅದರ ಅಂಚಿನಲ್ಲಿ ಮ್ಯಾರ್ಯೆಲೆನ್ ಎಂಬ ಸರೋವರ. ಹಿಮನದಿಯೇ ಅದಕ್ಕೆ ಕಟ್ಟೆಯಾಗಿತ್ತು. ಕಟ್ಟೆ ಬಿರಿದಾಗಲೆಲ್ಲ ನೀರು ಕಣಿವೆಗೆ ನುಗ್ಗುತ್ತಿತ್ತು. ಬೇಸತ್ತ ಜನ 1678ರಲ್ಲಿ, ಸನ್ಮಾರ್ಗದಲ್ಲಿ ಬಾಳುತ್ತೇವೆ, ಹಿಮನದಿ ಮುಂದೆ ಬಾರದಿರಲಿ ಎಂದು ದೇವರಿಗೆ ಮೊರೆಯಿಟ್ಟರು. 1862ರಿಂದ ಇದಕ್ಕಾಗಿ ವರ್ಷಕ್ಕೊಮ್ಮೆ ಮೆರವಣಿಗೆಯೂ ನಡೆಯತೊಡಗಿತು.

ಆದರೆ ಅದೇ ಕಾಲಕ್ಕೆ ಇಂಗ್ಲೆಂಡಿನಿಂದ ಪರ್ವತಾರೋಹಿಗಳು ಬರತೊಡಗಿದ್ದರು. ರೈತನ ಎದೆ ನಡುಗಿಸಿದ ಹಿಮನದಿ ಪಟ್ಟಣಿಗನ ಕಣ್ಣಿಗೆ ಹಬ್ಬವಾಯಿತು! ಬ್ರಿಟನ್ನಿನ ಧನಿಕ ಅರ್ನೆಸ್ಟ್ ಕ್ಯಾಸೆಲ್ ರೀಡರ್‌ಫುರ್ಕಾ ಎಂಬಲ್ಲಿ ಬೇಸಿಗೆಗೆಂದು ಭವ್ಯ ಬಂಗಲೆ ಕಟ್ಟಿಸಿದ; 1902ರಲ್ಲಿ ಅದು ಪೂರ್ಣವಾಯಿತು. ತರುಣ ಚರ್ಚಿಲ್ ಅಲ್ಲಿಗೆ ಅತಿಥಿಯಾಗಿ ಬರುತ್ತಿದ್ದ. ಹಸುಗಳ ಗಂಟೆಯ ಸದ್ದಿನಿಂದ ಅವನ ಬರವಣಿಗೆಗೆ ಅಡ್ಡಿಯಾಗದಿರಲೆಂದು ಗಂಟೆಗಳಿಗೆ ಹುಲ್ಲು ತುರುಕುತ್ತಿದ್ದರೆಂದು ಊರವರು ಹೇಳುವುದುಂಟು. ನಿಜವೋ ಸುಳ್ಳೋ, ಹಳ್ಳಿಯ ಬದುಕು ಅತಿಥಿಯ ಅನುಕೂಲಕ್ಕೆ ಹೇಗೆ ಬಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಬಂಗಲೆಯ ಪಕ್ಕದ ಕಾಡಿನಲ್ಲಿ ಜನ ಸೌದೆ ಕಡಿಯುತ್ತಿದ್ದರು, ದನ ಮೇಯಿಸುತ್ತಿದ್ದರು. 1933ರಲ್ಲಿ ಆ ಕಾಡಿಗೆ ರಕ್ಷಣೆ ದೊರೆಯಿತು. ಮುಂದೆ ಹೋಟೆಲಾಗಿದ್ದ ಬಂಗಲೆ 1976ರಲ್ಲಿ ನಿಸರ್ಗ ಶಿಕ್ಷಣ ಕೇಂದ್ರವಾಯಿತು. ಸಮೀಪದ ರೀಡರಾಲ್ಪ್, ಬೆಟ್‌ಮೆರಾಲ್ಪ್ ಹಳ್ಳಿಗಳಿಗೆ ಇಂದಿಗೂ ಪ್ರವಾಸಿಯ ಕಾರು ಹೋಗುವಂತಿಲ್ಲ. ಕೇಬಲ್ ಕಾರಿನಲ್ಲೇ ಏರಬೇಕು. 2001ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟರಲ್ಲಿ ಹಿಮನದಿ ಸುಮಾರು 3 ಕಿಲೋಮೀಟರ್ ಹಿಂದೆ ಸರಿದಿತ್ತು. ಮೇಲೆ ಬೀಳುವ ಹಿಮಕ್ಕಿಂತ ಕೆಳಗೆ ಕರಗುವುದು ಹೆಚ್ಚಾದರೆ ಹಿಮನದಿ ಕುಗ್ಗುತ್ತದೆ. ಲೆಕ್ಕ ಅಷ್ಟೇ ಸರಳ. ಹಳೆಯ ಹರಕೆ ಫಲಿಸುತ್ತಿರುವುದನ್ನು ಕಂಡು ಊರವರೇ ಗಾಬರಿಯಾದರು. ನೋಡಲು ಬರುವವರಿಂದ ಊಟ, ಕರಗಿದ ನೀರಿನಿಂದ ಬೆಳೆ. ಎರಡಕ್ಕೂ ಆ ಹಿಮವೇ ಬೇಕಲ್ಲ! ಹಿಮನದಿ ಕುಗ್ಗದಿರಲಿ ಎಂದು ಪ್ರಾರ್ಥನೆಯನ್ನು ತಿರುಗಿಸಲು ಅವರು ವ್ಯಾಟಿಕನ್ನಿನ ಒಪ್ಪಿಗೆ ಕೇಳಿದರು. 2010ರಲ್ಲಿ ಅದು ಸಿಕ್ಕಿತು.

ಹಿಮದ ಆಸರೆ ತಪ್ಪಿದ ಮೂಸ್‌ಫ್ಲೂ ಇಳಿಜಾರು 2016ರ ಶರತ್ಕಾಲದಲ್ಲಿ ಬಿರುಕುಬಿಟ್ಟು ಜಾರತೊಡಗಿತು. ಹಿಮನದಿಯನ್ನು ಹತ್ತಿರದಿಂದ ನೋಡಲು ಪ್ರವಾಸಿಗರು ನಡೆಯುತ್ತಿದ್ದ ಕೆಲವು ಕಾಲುದಾರಿಗಳನ್ನು ಆಗ ಮುಚ್ಚಬೇಕಾಯಿತು.