ಬಾಯಿಹುಣ್ಣಿನ ನಿದಾನ: ಒಂದು ಸಮೀಕ್ಷೆ

ಬಾಯಲ್ಲಿ ಹುಣ್ಣೆದ್ದವನಿಗೆ ಉಷ್ಣವಾಗಿದೆಯೆಂದು ಹೇಳಿ, ಮಜ್ಜಿಗೆಯನ್ನೋ ತುಪ್ಪವನ್ನೋ ಕೊಟ್ಟು ಸುಮ್ಮನಾಗುವುದು ನಮ್ಮ ಮನೆಗಳಲ್ಲಿ ಬಹುಕಾಲದ ರೂಢಿ. ಹುಣ್ಣುಗಳಲ್ಲಿ ಬಹುಪಾಲು ತಾವಾಗಿಯೇ ಮಾಯುವುದರಿಂದ ಆ ರೂಢಿಗೆ ಅಪಖ್ಯಾತಿಯೂ ಬಂದಿಲ್ಲ. ಆದರೆ ಮಾಯತಕ್ಕ ಹುಣ್ಣಾವುದು, ಪ್ರಾಣಕ್ಕೆ ಎರವಾಗತಕ್ಕದ್ದಾವುದು ಎಂದು ವಿವೇಚಿಸುವ ವಿದ್ಯೆ ವೈದ್ಯಶಾಸ್ತ್ರಕ್ಕೆ ಒಮ್ಮೆಲೇ ಲಭಿಸಿದುದಲ್ಲ.

ಸುಶ್ರುತ ಸಂಹಿತೆಯ ನಿದಾನಸ್ಥಾನವು ಮುಖರೋಗಗಳನ್ನು 65 ಎಂದೆಣಿಸಿ, ತುಟಿ, ವಸಡು, ಹಲ್ಲು, ನಾಲಗೆ, ತಾಲು, ಕಂಠಗಳೆಂಬ ಆರು ನೆಲೆಗಳಿಗೂ ಬಾಯನ್ನೆಲ್ಲ ವ್ಯಾಪಿಸುವ ‘ಸರ್ವಸರ’ವೆಂಬ ಏಳನೆಯದಕ್ಕೂ ಹಂಚಿತು. ರೋಗವನ್ನು ಸ್ಥಾನದಿಂದ ಗುರುತಿಸುವ ಈ ಕ್ರಮ ಇಂದಿಗೂ ಹಳತಾಗಿಲ್ಲ. ಹಿಪೊಕ್ರೆಟಿಸನ ಹೆಸರಿನಲ್ಲಿ ಬಂದ ಸೂತ್ರಗಳೋ ‘ಆಫ್ತೆ’ಯೆಂಬ ಬಾಯಿಹುಣ್ಣನ್ನು ಎಳೆಗೂಸುಗಳ ವ್ಯಾಧಿಗಳ ಸಾಲಿನಲ್ಲಿ ಹೇಳಿದುವು, ಅನಂತರ ಶತಮಾನಗಳ ಕಾಲ ಬಾಯೊಳಗಿನ ಎಷ್ಟೋ ಬಗೆಯ ವಿಕಾರಗಳು ಆ ಒಂದೇ ಹೆಸರಿನಡಿ ಬೆರೆತುಹೋದುವು.

ಅವುಗಳನ್ನು ಬೇರ್ಪಡಿಸುವ ಕಾರ್ಯ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ್ದು. ಅಮೆರಿಕದ ಚರ್ಮವೈದ್ಯ ಸಟನ್ 1911ರಲ್ಲಿ, ಆಳವಾಗಿ ಕೊರೆದು ಕಲೆಯುಳಿಸಿ ಮಾಯುವ ಮರುಕಳಿಕೆಯ ವ್ರಣವನ್ನು ವರ್ಣಿಸಿದನು. ಇಸ್ತಾಂಬುಲಿನ ಹುಲೂಸಿ ಬೆಹ್ಚೆಟ್ 1937ರಲ್ಲಿ, ಬಾಯಿ, ಜನನೇಂದ್ರಿಯ, ಕಣ್ಣು ಈ ಮೂರರ ಬಾಧೆಯೂ ಒಂದೇ ರೋಗದ ಮುಖಗಳೆಂದು ತೋರಿದನು. 1990ರಲ್ಲಿ ಅಂತರರಾಷ್ಟ್ರೀಯ ತಜ್ಞಮಂಡಲಿಯೊಂದು, ಒಂದು ವರ್ಷದಲ್ಲಿ ಮೂರು ಬಾರಿಯಾದರೂ ಬಾಯಿಹುಣ್ಣು ಮರುಕಳಿಸಿರಬೇಕೆಂಬುದನ್ನೇ ಆ ರೋಗದ ನಿರ್ಣಯಕ್ಕೆ ಮೊದಲ ಲಕ್ಷಣವಾಗಿಟ್ಟಿತು.

ಇಂದು ‘ಆಫ್ತ’ವೆಂದು ಕರೆಯುವ, ಮರುಕಳಿಸುವ ಸೌಮ್ಯವ್ರಣಗಳಲ್ಲಿ ಮೂರು ಭೇದಗಳನ್ನು ಹೇಳುವರು. ಲಘುರೂಪದ್ದು 10 ಮಿಲಿಮೀಟರಿಗಿಂತ ಕಿರಿದು, ದುಂಡು, ನಡುವೆ ಹಳದಿ ಬೆರೆತ ಬಿಳುಪು, ಸುತ್ತ ಕೆಂಪಂಚು. 7ರಿಂದ 14 ದಿನಗಳಲ್ಲಿ ಕಲೆಯುಳಿಸದೆ ಮಾಯುತ್ತದೆ. ಗುರುರೂಪದ್ದು ಅದಕ್ಕಿಂತ ಹಿರಿದು, ವಾರಗಟ್ಟಲೆ ಉಳಿಯತಕ್ಕದ್ದು. ಮೂರನೆಯದು ಸಾಸಿವೆಯಷ್ಟು ಸಣ್ಣ ಹುಣ್ಣುಗಳ ಸಮೂಹ. ಹರ್ಪಿಸ್‌ನಂತೆ ತೋರಿದರೂ ಆ ವೈರಾಣುವಿನದಲ್ಲ. ನಿಜವಾದ ಹರ್ಪಿಸ್ ಮರುಕಳಿಸಿದಾಗ ನೀರುಗುಳ್ಳೆಯಾಗಿ ಮೊದಲಾಗಿ, ಬಾಯೊಳಗೆ ಗಡುಸಾದ ಅಂಗುಳನ್ನೂ ವಸಡನ್ನೂ ಆಶ್ರಯಿಸುವುದು. ಆಫ್ತ ವ್ರಣವಾದರೋ ಗುಳ್ಳೆಯಿಲ್ಲದೆಯೇ ತುಟಿ ಕೆನ್ನೆಗಳ ಒಳಬದಿಯನ್ನೂ ನಾಲಗೆಯಡಿಯನ್ನೂ ಹಿಡಿಯುವುದು. ಮೊನಚು ಹಲ್ಲಿನಿಂದಾಗಲಿ, ಸರಿಯಾಗಿ ಕೂರದ ಕೃತಕದಂತದಿಂದಾಗಲಿ ಆದ ಗಾಯ ಆ ಕಾರಣದ ಎದುರಿನಲ್ಲಿಯೇ ಇರುತ್ತದೆ, ಕಾರಣ ನೀಗಿದರೆ ಮಾಯುತ್ತದೆ.

ಆಫ್ತ ವ್ರಣವನ್ನು ಖಚಿತಪಡಿಸುವ ಪ್ರಯೋಗಶಾಲೆಯ ಪರೀಕ್ಷೆ ಇಂದಿಗೂ ಇಲ್ಲ. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಜೀವಸತ್ವಗಳ ಕೊರತೆಯನ್ನು ರಕ್ತಪರೀಕ್ಷೆಯಿಂದ ಅರಿಯಬಹುದು. ಗೋಧಿಯ ಗ್ಲೂಟೆನ್ನನ್ನು ಸಹಿಸದ ಕರುಳಿನ ರೋಗವನ್ನೂ ಶಂಕಿಸಬಹುದು. ಆದರೆ ಇವೆಲ್ಲ ಪೋಷಕ ಕಾರಣಗಳ ಶೋಧನೆಯೇ ಹೊರತು ವ್ರಣದ ನಿರ್ಣಯವಲ್ಲ. ನಿರ್ಣಯವು ರೋಗಿಯ ವೃತ್ತಾಂತದಿಂದ, ಹುಣ್ಣಿನ ಸ್ಥಾನ ಆಕಾರಗಳಿಂದ, ಎಲ್ಲಕ್ಕೂ ಮಿಗಿಲಾಗಿ ಅದು ಉಳಿದ ಕಾಲದಿಂದ ಆಗತಕ್ಕದ್ದು.

ಉರಿಯುವ ಹುಣ್ಣಿಗೆ ಅಂಜಿ, ನೋಯದುದನ್ನು ಅಲಕ್ಷಿಸುವುದು ಜನಸ್ವಭಾವ; ವಸ್ತುಸ್ಥಿತಿಯಾದರೋ ಅನೇಕ ವೇಳೆ ವಿಪರೀತವಾಗಿರುವುದು, ಏಕೆಂದರೆ ಬಾಯಿಯ ಕ್ಯಾನ್ಸರು ಆರಂಭದಲ್ಲಿ ನೋಯದೆಯೇ ಇರಬಹುದು, ಆಫ್ತ ವ್ರಣವು ತನ್ನ ಗಾತ್ರಕ್ಕೆ ಮೀರಿ ನೋಯುತ್ತದೆ. ಎಲೆಯಡಿಕೆಗೆ ಹೊಗೆಸೊಪ್ಪು ಬೆರೆಸಿ ಅಗಿಯುವ ಅಭ್ಯಾಸವುಳ್ಳ ನಮ್ಮ ನಾಡಿನಲ್ಲಿ ಈ ಭೇದವನ್ನು ಮರೆಯಲಾಗದು. ಆದುದರಿಂದ ಎರಡು ಮೂರು ವಾರ ಕಳೆದರೂ ಮಾಯದ ಒಂಟಿ ಹುಣ್ಣು, ಅದರಲ್ಲೂ ಅಂಚು ಗಟ್ಟಿಯಾದದ್ದು, ನೋವಿರಲಿ ಇಲ್ಲದಿರಲಿ, ತುಣುಕು ತೆಗೆದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಲೇಬೇಕಾದುದು.