ಕಬ್ಬಿಣದ ಅತಿವಾಹಕಗಳೂ ಬೆರಕೆಯ ಮಹಿಮೆಯೂ

ಬೆರಕೆ ಎಂಬ ಮಾತನ್ನು ನಮ್ಮಲ್ಲಿ ಒಳ್ಳೆಯ ಅರ್ಥದಲ್ಲಿ ಆಡುವವರು ಕಡಿಮೆ. ಹಾಲಿಗೆ ನೀರು, ತುಪ್ಪಕ್ಕೆ ಡಾಲ್ಡಾ, ಚಿನ್ನಕ್ಕೆ ತಾಮ್ರ, ಎಲ್ಲವೂ ಮೋಸದ ಲೆಕ್ಕಕ್ಕೇ ಸೇರಿದವು. ಆದರೂ ಅಪ್ಪಟ ಚಿನ್ನದಲ್ಲಿ ಒಡವೆ ಗಟ್ಟಿಯಾಗಿ ನಿಲ್ಲದೆಂಬುದನ್ನು ಅಕ್ಕಸಾಲಿಗನು ಬಲ್ಲ. ಭೌತವಿಜ್ಞಾನಿಗಳು ಕಬ್ಬಿಣದ ಕೆಲವು ಸಂಯುಕ್ತಗಳಲ್ಲಿ ಕಂಡುಕೊಂಡ ಸಂಗತಿಯೂ ಹೆಚ್ಚುಕಡಿಮೆ ಇದೇ ಜಾತಿಯದು. ಅದರ ಇತಿಹಾಸವನ್ನು, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನ ಮೇಜು ಹಿಡಿದ ನಮ್ಮಂಥವರಿಗೆ ದಕ್ಕಿದಷ್ಟು, ವಾಚಕರ ಮುಂದೆ ಇಡುತ್ತೇವೆ.

1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ಸ್ ಎಂಬ ವಿಜ್ಞಾನಿ ಪಾದರಸವನ್ನು ದ್ರವ ಹೀಲಿಯಮ್ಮಿನಿಂದ ತಣಿಸುತ್ತಿದ್ದಾಗ, ಸುಮಾರು 4.2 ಕೆಲ್ವಿನ್‌ನಲ್ಲಿ, ಎಂದರೆ ಸೊನ್ನೆಗಿಂತ 269 ಡಿಗ್ರಿ ಸೆಂಟಿಗ್ರೇಡು ಕೆಳಗೆ, ವಿದ್ಯುತ್ತಿಗೆ ಅದು ಒಡ್ಡುತ್ತಿದ್ದ ತಡೆ ಒಮ್ಮೆಗೇ ಇಲ್ಲವಾಯಿತು. ಇದೇ ಅತಿವಾಹಕತೆ. ಅವರು ಪಾದರಸವನ್ನು ಆರಿಸಿದುದು ಅದನ್ನು ಬಟ್ಟಿಯಿಳಿಸಿ ಶುದ್ಧಗೊಳಿಸುವುದು ಸುಲಭವೆಂದು. ವಿಚಿತ್ರವೆಂದರೆ, ಅಶುದ್ಧ ಪಾದರಸವೂ ಅದೇ ಫಲ ಕೊಟ್ಟಿತು! ಇದು ಏಕೆಂಬುದನ್ನು 1959ರಲ್ಲಿ ಅಮೆರಿಕದ ಫಿಲಿಪ್ ಆಂಡರ್ಸನ್ ತಿಳಿಸಿದರು. ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ಸಾಗುತ್ತವೆ. ಸಾಧಾರಣ ಕಲ್ಮಷ ಆ ಜೋಡಿಯನ್ನು ಮುರಿಯಲಾರದು. ಆದರೆ ಅಯಸ್ಕಾಂತ ಗುಣದ ಕಲ್ಮಷ ಮುರಿಯುತ್ತದೆ. ಆದುದರಿಂದ ಅತಿವಾಹಕಗಳನ್ನು ಹುಡುಕುವವರು ಕಬ್ಬಿಣವನ್ನು ದೂರವೇ ಇಟ್ಟರು.

1986ರಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲ್ಲರ್ ಎಂಬವರು ತಾಮ್ರದ ಆಕ್ಸೈಡುಗಳಲ್ಲಿ ಹೊಸ ದಾರಿ ತೆರೆದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಮ್ಮ ಸಿ. ಎನ್. ಆರ್. ರಾಯರ ತಂಡವೂ ಆ ಕೆಲಸಕ್ಕೆ ಕೈಹಾಕಿತ್ತೆಂಬುದು ಕನ್ನಡಿಗರು ನೆನೆಯಬೇಕಾದ ಮಾತು. ಆದರೆ ನಮ್ಮ ಕಥೆ ಕಬ್ಬಿಣದ್ದು.

ಟೋಕಿಯೋ ತಂತ್ರವಿಜ್ಞಾನ ಸಂಸ್ಥೆಯಲ್ಲಿದ್ದ ಹಿದೆಯೋ ಹೊಸೋನೋ ಅತಿವಾಹಕಗಳನ್ನು ಹುಡುಕಿ ಹೊರಟವರಲ್ಲ. ಅವರ ಕಸುಬು ಅರೆವಾಹಕಗಳದು. 2006ರಲ್ಲಿ ಅವರ ತಂಡ ತಯಾರಿಸಿದ ಲಾಂಥನಮ್, ಕಬ್ಬಿಣ, ರಂಜಕ, ಆಮ್ಲಜನಕಗಳ ಸಂಯುಕ್ತವೊಂದು ಸುಮಾರು 4 ಕೆಲ್ವಿನ್‌ನಲ್ಲಿ ಅತಿವಾಹಕವಾಯಿತು. ಲೋಕ ಅದನ್ನು ಹೆಚ್ಚಾಗಿ ಗಮನಿಸಲಿಲ್ಲ. ಅವರು ರಂಜಕದ ಸ್ಥಾನಕ್ಕೆ ಆರ್ಸೆನಿಕ್, ಎಂದರೆ ನಮ್ಮ ಹಿರಿಯರು ಪಾಷಾಣವೆಂದು ಹೆದರುತ್ತಿದ್ದ ವಿಷದ ಮೂಲಧಾತುವನ್ನು, ತಂದರು. ಶುದ್ಧ ರೂಪದಲ್ಲಿ ಅದು ಅತಿವಾಹಕವೇ ಆಗಲಿಲ್ಲ; ತಣಿದಂತೆ ಅದರ ಕಬ್ಬಿಣದ ಪರಮಾಣುಗಳು ಪುಟ್ಟ ಅಯಸ್ಕಾಂತಗಳಂತೆ ಸಾಲುಗಟ್ಟಿ ನಿಂತವು. ಆಮ್ಲಜನಕದಲ್ಲಿ ನೂರಕ್ಕೆ ಹನ್ನೊಂದರಷ್ಟನ್ನು ತೆಗೆದು ಫ್ಲೋರಿನ್ ಕೂರಿಸಿದಾಗ ಆ ಸಾಲು ಕದಡಿತು, ಅತಿವಾಹಕತೆ 26 ಕೆಲ್ವಿನ್‌ನಲ್ಲಿಯೇ ತೋರಿತು. ಇದು 2008ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಕೆಲವೇ ವಾರಗಳಲ್ಲಿ ಚೀನದ ಪ್ರಯೋಗಶಾಲೆಗಳು ಲಾಂಥನಮ್ಮಿನ ಬದಲು ಸಮೇರಿಯಮ್ ಬಳಸಿ 55 ಕೆಲ್ವಿನ್ ಮುಟ್ಟಿದವು. ಜರ್ಮನಿಯ ಮ್ಯೂನಿಕ್ಕಿನವರು ಬೇರಿಯಮ್, ಕಬ್ಬಿಣ, ಆರ್ಸೆನಿಕ್‌ಗಳ ಸಂಯುಕ್ತದಲ್ಲಿ ಬೇರಿಯಮ್ಮಿನ ಒಂದು ಭಾಗಕ್ಕೆ ಪೊಟ್ಯಾಸಿಯಮ್ ಹಾಕಿ 38 ಕೆಲ್ವಿನ್ ಪಡೆದರು.

ಇಷ್ಟರವರೆಗೆ ಬೆರಕೆ ನಡೆದುದು ಕಬ್ಬಿಣದ ಪದರದ ಹೊರಗೆ. ಅದೇ ವರ್ಷ ಅಮೆರಿಕದ ಓಕ್ ರಿಡ್ಜಿನವರು ಕಬ್ಬಿಣದ ಮನೆಗೇ ನುಗ್ಗಿದರು. ಕಬ್ಬಿಣದ ಹತ್ತು ಪರಮಾಣುಗಳಲ್ಲಿ ಒಂದನ್ನು ಕೋಬಾಲ್ಟಿಗೆ ಬದಲಿಸಿದರೂ 22 ಕೆಲ್ವಿನ್‌ನಲ್ಲಿ ಅತಿವಾಹಕತೆ ಬಂದಿತು. ತಾಮ್ರದ ಆಕ್ಸೈಡುಗಳಲ್ಲಾದರೆ ತಾಮ್ರದ ಸ್ಥಾನದಲ್ಲಿ ತುಸು ಸತು ಬಿದ್ದರೂ ಅತಿವಾಹಕತೆ ಬೇಗನೆ ಕುಗ್ಗುತ್ತದೆ. ಇನ್ನೂ ಬೆರಗು ಆರ್ಸೆನಿಕ್ಕಿಗೆ ಬದಲು ರಂಜಕ ಹಾಕಿದಾಗ. ಎರಡೂ ಒಂದೇ ಗುಂಪಿನವು, ಎಲೆಕ್ಟ್ರಾನುಗಳ ಲೆಕ್ಕ ಹೆಚ್ಚುವುದೂ ಇಲ್ಲ, ಇಳಿಯುವುದೂ ಇಲ್ಲ. ಆದರೂ ಸುಮಾರು 30 ಕೆಲ್ವಿನ್!

ಇಲ್ಲಿ ಒಂದು ತೊಡಕು ಎದ್ದಿತು. ಈ ವಸ್ತುಗಳಲ್ಲಿ ಎಲೆಕ್ಟ್ರಾನುಗಳ ಗುಂಪು ಒಂದಲ್ಲ, ಹಲವು. ಒಂದು ಗುಂಪಿನ ಜೋಡಿಗಳಿಗೆ ಧನ ಚಿಹ್ನೆಯಾದರೆ ಇನ್ನೊಂದಕ್ಕೆ ಋಣ ಚಿಹ್ನೆ ಎಂದು ಮಾಜಿನ್ ಮೊದಲಾದವರು 2008ರಲ್ಲಿ ವಾದಿಸಿದರು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಜಮೆಯ ಒಂದು ಖಾತೆಯ ಮೊತ್ತ ಜಮೆಯ ಇನ್ನೊಂದು ಖಾತೆಗೆ ತಪ್ಪಿ ಬಿದ್ದರೆ ಒಟ್ಟು ಜಮೆ ಕೆಡದು. ಅದು ಖರ್ಚಿನ ಕಡೆಗೆ ಬಿದ್ದರೆ ಒಂದನ್ನೊಂದು ಹೊಡೆದುಹಾಕುತ್ತದೆ. ಹಾಗಾದರೆ ಈ ಕಬ್ಬಿಣದ ವಸ್ತುಗಳಲ್ಲಿ ಸಾಧಾರಣ ಕಲ್ಮಷವೂ ಘಾತುಕವಾಗಬೇಕು. ಆಗುತ್ತಿಲ್ಲವಲ್ಲ ಎಂದು ಜಪಾನಿನ ಓನಾರಿ ಮತ್ತು ಕೊಂತಾನಿ 2009ರಲ್ಲಿ ಆಕ್ಷೇಪಿಸಿದರು. ಆಕ್ಷೇಪ ಬಲವಾದದ್ದೇ.

ಬೆರಕೆಯೊಂದನ್ನೇ ನೋಡಿ ಇದನ್ನು ತೀರ್ಮಾನಿಸುವಂತಿರಲಿಲ್ಲ. ಹೊಸ ಪರಮಾಣು ಎಲೆಕ್ಟ್ರಾನುಗಳ ಲೆಕ್ಕವನ್ನೂ ಬದಲಿಸಬಹುದು, ಅಯಸ್ಕಾಂತದ ಸಾಲನ್ನೂ ಕದಡಬಹುದು, ಜೊತೆಗೆ ಅವ್ಯವಸ್ಥೆಯನ್ನೂ ತರುತ್ತದೆ. ಲಾಭವೆಷ್ಟು ನಷ್ಟವೆಷ್ಟು ಎಂದು ಬಿಡಿಸುವುದು ಹೇಗೆ? 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಉಪಾಯ ನಮಗೆ ಬಹಳ ಮೆಚ್ಚಿಕೆಯಾಯಿತು. ರಂಜಕ ಬೆರೆತ ಬೇರಿಯಮ್ ಸಂಯುಕ್ತವನ್ನು ವೇಗದ ಎಲೆಕ್ಟ್ರಾನುಗಳಿಂದ ಹೊಡೆದು, ಪರಮಾಣುಗಳನ್ನು ಅವುಗಳ ಜಾಗದಿಂದ ಕದಲಿಸಿದರು. ಹೊಸ ಧಾತು ಯಾವುದೂ ಸೇರಲಿಲ್ಲ. ಸೇರಿದುದು ಬರಿಯ ಅವ್ಯವಸ್ಥೆ. ಆ ವಸ್ತುವಿನಲ್ಲಿ ಕೆಲವು ದಿಕ್ಕುಗಳಲ್ಲಿ ಎಲೆಕ್ಟ್ರಾನುಗಳ ಜೋಡಿಕಟ್ಟು ಸೊನ್ನೆಯಾಗಿರುತ್ತಿತ್ತು. ಸ್ವಲ್ಪ ಅವ್ಯವಸ್ಥೆ ಬಂದಾಗ ಆ ಸೊನ್ನೆಗಳು ಮಾಯವಾದವು. ಇನ್ನೂ ಹೆಚ್ಚಿದಾಗ ಸಡಿಲ ಎಲೆಕ್ಟ್ರಾನುಗಳು ಮರಳಿ ಕಾಣಿಸಿಕೊಂಡವು. ಧನ ಋಣ ಎರಡೂ ಇದ್ದರೆ ಮಾತ್ರ ಹೀಗಾಗುವುದೆಂದು ಆ ತಂಡದವರು ವಾದಿಸಿದರು.

ಅದೇ ವರ್ಷ ಇನ್ನೊಂದು ಸಂಗತಿಯೂ ಹೊರಬಂದಿತು. ಆವರ್ತ ಕೋಷ್ಟಕದಲ್ಲಿ ಕಬ್ಬಿಣದ ಒಂದು ಮಗ್ಗುಲಿಗೆ ಕೋಬಾಲ್ಟ್ ಇದ್ದರೆ ಇನ್ನೊಂದು ಮಗ್ಗುಲಿಗೆ ಮ್ಯಾಂಗನೀಸ್ ಇದೆ. ಹೊಸೋನೋ ಅವರ ಫ್ಲೋರಿನ್ ಬೆರೆತ ಲಾಂಥನಮ್ ಸಂಯುಕ್ತದಲ್ಲಿ ಕಬ್ಬಿಣದ ಸಾವಿರ ಪರಮಾಣುಗಳಿಗೆ ಎರಡರಂತೆ ಮ್ಯಾಂಗನೀಸ್ ಹೊಕ್ಕರೆ ಅತಿವಾಹಕತೆ ಪೂರ್ತಿಯಾಗಿ ಅಳಿದುಹೋಗುತ್ತದೆ.